ಪ್ರಧಾನ ಯಾವುದು, ಅಂಗ ಯಾವುದು?

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಸಾವಕಾಶವಾಗಿ ಕೇಳಬೇಕೆಂಬ ಬಯಕೆಯು ನನ್ನಲ್ಲಿ ಬಲವಾಯಿತು. ನಮ್ಮ ಮನೆಯಿರುವುದು ವಾಡಿ ಜಂಕ್ಷನ್ನಿನ ಸಮೀಪದಲ್ಲಿ. ರಾತ್ರಿಯೆಲ್ಲ ರೈಲುಗಳ ಸದ್ದು. ಮನೆಯವರ ನಿದ್ರೆ ಕೆಡಬಾರದೆಂದು ಹೆಡ್‌ಫೋನನ್ನು ಕೊಳ್ಳಹೊರಟೆನು. ಅಂಗಡಿಯವನೊಬ್ಬನ ಮಾತನ್ನು ನಂಬಿ, ಕೂಡಿಟ್ಟ ಹಣದ ಬಹುಭಾಗವನ್ನು ಆಂಪ್ಲಿಫೈಯರಿಗೆ ತೆತ್ತು, ಮಿಕ್ಕುದರಲ್ಲಿ ಅಗ್ಗದ ಹೆಡ್‌ಫೋನನ್ನು ತಂದೆನು. ರೈಲಿನ ಸದ್ದು ಅದರೊಳಕ್ಕೂ ನುಗ್ಗುತ್ತಿದ್ದಿತು. ತಂಬೂರಿಯ ಝೇಂಕಾರವು ಕೇಳಿಸದೆ ಧ್ವನಿಯನ್ನು ಏರಿಸುತ್ತ ಹೋದೆನು. ಬೆಳಿಗ್ಗೆ ಕಿವಿಗಳು ಗುಂಯ್‌ಗುಡುತ್ತಿದ್ದವು. ಅಂಜಿಕೆಯಾಯಿತು.

ಮೀಮಾಂಸಕರು ಪ್ರಧಾನ, ಅಂಗ ಎಂದು ವಿಂಗಡಿಸುವರು, ಅಂಗವಿರುವುದು ಪ್ರಧಾನಕ್ಕಾಗಿ. ಇಲ್ಲಿ ನಾದವನ್ನು ಹುಟ್ಟಿಸಿ ಕಿವಿಗೆ ಮುಟ್ಟಿಸುವ ಹೆಡ್‌ಫೋನೇ ಪ್ರಧಾನ. ಗದ್ದಲದ ಮನೆಗೆ ಕಿವಿಯನ್ನು ಪೂರ್ತಿ ಮುಚ್ಚುವಂಥದೇ ಲೇಸು. ಅದರ ತರುವಾಯ ಒಳ್ಳೆಯ ಧ್ವನಿಮುದ್ರಣ. ಆಂಪ್ಲಿಫೈಯರು ಕಡೆಯದು: 32 ಓಮಿನ ಹೆಡ್‌ಫೋನುಗಳಲ್ಲಿ ಹೆಚ್ಚಿನವಕ್ಕೆ ಮೊಬೈಲಿನ ಶಕ್ತಿಯೇ ಸಾಕು, 300 ಓಮಿನಂಥವಕ್ಕೆ ಅದು ಬೇಕಾದೀತು.

ಮತ್ತೆ ಕೆಲವು ತಿಂಗಳ ಪಿಂಚಣಿಯಲ್ಲಿ ಉಳಿಸಿ, ಕಿವಿ ಮುಚ್ಚುವ ಹೆಡ್‌ಫೋನೊಂದನ್ನು ಕೊಂಡೆನು. ಈಗ ಮೆಲುದನಿಯಲ್ಲಿಯೇ ತಂಬೂರಿ ಕೇಳಿಸುತ್ತದೆ. ವಾಚಕರೇ, ಯಂತ್ರವು ಕೆಟ್ಟರೆ ಮತ್ತೊಂದನ್ನು ತರಬಹುದು. ಅರುವತ್ತರ ಕಿವಿಯು ಯಾವ ಅಂಗಡಿಯಲ್ಲಿಯೂ ದೊರೆಯದು.