ಬೀರು ನೆಟ್ಟಗೆ ನಿಲ್ಲಬೇಕಾದರೆ

2018ರ ಆಗಸ್ಟ್ 9ರಂದು ಹೈದರಾಬಾದಿನ ಹೈಟೆಕ್ ಸಿಟಿ ಕಡೆಗೆ ಹೊರಟವರು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರು. ಸ್ವೀಡನ್ನಿನ ಐಕಿಯಾ ಕಂಪನಿ ಭಾರತದಲ್ಲಿ ತನ್ನ ಮೊದಲ ಅಂಗಡಿಯನ್ನು ಅಂದು ಅಲ್ಲಿ ತೆರೆದಿತ್ತು. 13 ಎಕರೆ ಜಾಗ, 4 ಲಕ್ಷ ಚದರ ಅಡಿಯ ಕಟ್ಟಡ, ಒಮ್ಮೆಗೇ 1000 ಮಂದಿ ಕೂತು ಉಣ್ಣಬಹುದಾದ ಹೋಟೆಲು. ಮೊದಲ ದಿನ ಸುಮಾರು 40,000 ಜನ ಬಂದರೆಂದು ಪತ್ರಿಕೆಗಳು ಬರೆದವು. ಅವರಲ್ಲಿ ಎಷ್ಟೋ ಮಂದಿ ಬಿರಿಯಾನಿ ಉಂಡು, ಮಂಚಗಳ ಮೇಲೆ ಕೂತು ನೋಡಿ, ಒಂದೆರಡು ಪ್ಲಾಸ್ಟಿಕ್ ಡಬ್ಬಿ ಕೊಂಡು ಮನೆಗೆ ಬಂದರು. ಈ ಊರಿನವರನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಕಂಪನಿಗಿದ್ದ ಚಿಂತೆ ಬೇರೆ. ಲೋಕದ ಉಳಿದೆಡೆ ಅದರ ವ್ಯಾಪಾರ ನಿಂತಿರುವುದೇ ಗಿರಾಕಿ ಹಲಗೆಗಳ ಡಬ್ಬಿಯನ್ನು ಹೊತ್ತೊಯ್ದು, ತಾನೇ ಸ್ಕ್ರೂ ತಿರುಗಿಸಿ ಬೀರು ನಿಲ್ಲಿಸಿಕೊಳ್ಳುತ್ತಾನೆ ಎಂಬ ನಂಬಿಕೆಯ ಮೇಲೆ. ಹೈದರಾಬಾದಿನಲ್ಲಿ ಮಂಚ ಕೊಂಡವನು ಸ್ಕ್ರೂ ಮುಟ್ಟುವುದಿಲ್ಲ. ಗಲ್ಲಿಯ ಮೂಲೆಯಲ್ಲೇ ಬಡಗಿ ಇರುವಾಗ ಮುಟ್ಟುವ ದರ್ದಾದರೂ ಏನು? ಕೊನೆಗೆ ಕಂಪನಿಯೇ ಬಗ್ಗಿತು. ಜೋಡಿಸಿಕೊಡುವವರನ್ನು ತಾನೇ ಇಟ್ಟುಕೊಂಡಿತು, ಸಾಲದ್ದಕ್ಕೆ ಆಗ ಅರ್ಬನ್‌ಕ್ಲ್ಯಾಪ್ ಎಂಬ ಹೆಸರಿದ್ದ, 2020ರಿಂದ ಅರ್ಬನ್ ಕಂಪನಿ ಎನಿಸಿಕೊಂಡ ಸಂಸ್ಥೆಯ ಜೊತೆ ಒಪ್ಪಂದವನ್ನೂ ಮಾಡಿಕೊಂಡಿತು.

ಹಲಗೆ ಬಿಚ್ಚಿ ಮಾರುವ ಈ ಉಪಾಯ ಐಕಿಯಾಕ್ಕೆ ಹೊಳೆದದ್ದು 1956ರಲ್ಲಿ. ಐಕಿಯಾದ ನೌಕರ ಗಿಲ್ಲಿಸ್ ಲುಂಡ್‌ಗ್ರೆನ್ ಒಂದು ಮೇಜನ್ನು ಕಾರಿಗೆ ತುಂಬಲು ಹೆಣಗಿ, ಕಾಲುಗಳನ್ನೇ ತೆಗೆದುಬಿಟ್ಟರಂತೆ. ಇಂಥ ಡಬ್ಬಿಯೊಳಗೆ ಸಿಗುವ ಎಲ್ ಆಕಾರದ ಎಲೆನ್ ಕೀ ಅದಕ್ಕಿಂತ ಹಳೆಯದು. 1910ರಲ್ಲಿ ಆರು ಮೂಲೆಯ ಕುಳಿಯುಳ್ಳ ಸ್ಕ್ರೂ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ ಅಮೆರಿಕದ ವಿಲಿಯಂ ಎಲೆನ್ ಅವರಿಂದ ಬಂದ ಹೆಸರು ಅದು. ನಾರ್ಟನ್, ಮೋಚನ್, ಏರಿಯಲಿ ಎಂಬ ಸಂಶೋಧಕರು ತಾವೇ ಜೋಡಿಸಿದ ಪೆಟ್ಟಿಗೆಗೆ ಜನ ಹೆಚ್ಚು ಬೆಲೆ ಕಟ್ಟುತ್ತಾರೆ ಎಂದು ತೋರಿಸಿ, ಆ ಮಮತೆಗೆ ಐಕಿಯಾದ ಹೆಸರನ್ನೇ ಇಟ್ಟರು. ಅರ್ಧಕ್ಕೆ ಬಿಟ್ಟವರಿಗೆ ಮಾತ್ರ ಆ ಮಮತೆ ಬರಲಿಲ್ಲವಂತೆ. ಅರ್ಧಕ್ಕೆ ನಿಂತ ಕೆಲಸ ಮನೆಯಲ್ಲಿಟ್ಟುಕೊಂಡ ಯಾವ ಗೃಹಿಣಿಯಾದರೂ ಇದನ್ನು ಪ್ರಯೋಗವಿಲ್ಲದೆಯೇ ಹೇಳುತ್ತಿದ್ದಳು.

ಈ ಲೇಖಕ ಇರುವುದು ಹೈಟೆಕ್ ಸಿಟಿಯಿಂದ ದೂರ, ಕಾಚಿಗುಡಾದ ಹಳೆಯ ಗಲ್ಲಿಯಲ್ಲಿ. ಕರ್ನಾಟಕ ಸಾಹಿತ್ಯ ಮಂದಿರ ಹತ್ತಿರ, 1916ರ ರೈಲು ನಿಲ್ದಾಣ ಇನ್ನೂ ಹತ್ತಿರ. ಮನೆಯ ಹಿಂಭಾಗ ನಿಜಾಮರ ಕಾಲದ್ದು, ಕಲ್ಲು ಮತ್ತು ಗಾರೆ; ಮುಂಭಾಗ ಆಮೇಲೆ ಸೇರಿಸಿದ ಸಿಮೆಂಟಿನದು. ಗಚ್ಚಿಬೌಲಿಯಲ್ಲಿ ಕೆಲಸ ಮಾಡುವ ಮಗಳು ಒಂದು ಸಂಜೆ ಐಕಿಯಾದ ಬೀರುವಿನ ಡಬ್ಬಿ ತಂದಿಳಿಸಿದಳು. "ಜೋಡಸ್ಲಾಕ ಬ್ಯಾರೆ ರೊಕ್ಕ ಕೇಳ್ತಾರಪ್ಪ. ನಾವೇ ಮಾಡೋಣು" ಅಂದಳು.

ಜೋಡಿಸುವ ಕೆಲಸ ಸುಸೂತ್ರವಾಗಿಯೇ ನಡೆಯಿತು. ಪುಸ್ತಕದಲ್ಲಿ ಒಂದಕ್ಷರವಿಲ್ಲ, ಬರೀ ಚಿತ್ರ. ಅಮ್ಮ ಚಿತ್ರದ ಮೇಲೆ ಬೆರಳಿಟ್ಟು "ಈ ತೂತಿನ್ಯಾಗ ಉದ್ದಂದು, ಗಿಡ್ಡಂದಲ್ಲ" ಎನ್ನುತ್ತ ಮೇಲ್ವಿಚಾರಣೆ ಮಾಡಿದರು, ಅಪ್ಪ ಹಲಗೆ ಹಿಡಿದ, ಮಗಳು ತಿರುಗಿಸಿದಳು. ಸ್ಕ್ರೂ ಒಂದೂ ಉಳಿಯಲಿಲ್ಲ. ಆದರೂ ಬೀರುವಿನ ಎರಡು ಬಾಗಿಲುಗಳ ನಡುವೆ ಮೇಲೆ ಕಡ್ಡಿಯಷ್ಟು ಸಂದು, ಕೆಳಗೆ ಬೆರಳಷ್ಟು. ಮಗಳು ಮೊಬೈಲನ್ನೇ ರಸಮಟ್ಟ ಮಾಡಿ ಬೀರುವಿನ ತಲೆಯ ಮೇಲಿಟ್ಟು ನೋಡಿದಳು, ಆಮೇಲೆ ನೆಲದ ಮೇಲಿಟ್ಟಳು. ಬೀರು ಸರಿಯಾಗಿತ್ತು. ನೆಲ ವಾರೆ ಇತ್ತು.

ಆ ನೆಲ ಶಹಾಬಾದ್ ಬಂಡೆಯದು. ಹೈದರಾಬಾದಿನ ಹಳೆಯ ಮನೆಗಳಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ತಣ್ಣಗೆ ತಾಗುವ ಬೂದು ಬಣ್ಣದ ಕಲ್ಲು ಅದೇ. ಕಲಬುರ್ಗಿ ಜಿಲ್ಲೆಯ ಶಹಾಬಾದಿನ ಸುತ್ತಮುತ್ತ ಭೀಮೆಯ ಸೀಮೆಯಲ್ಲಿ ಈ ಸುಣ್ಣಕಲ್ಲು ಪದರ ಪದರವಾಗಿ ಮಲಗಿದೆ. ಸಂದಿಗೆ ಹಾರೆ ಹಾಕಿ ಎಬ್ಬಿಸಿದರೆ ಹಲಗೆಯಂತೆ ಏಳುತ್ತದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ವಾಡಿ ಶಹಾಬಾದಿನ ಪಕ್ಕದ ಊರು. ಕಲ್ಲಿಗೆ ದಾರಿಯಾಯಿತು. ಕನ್ನಡ ಜಿಲ್ಲೆಗಳು 1956ರಲ್ಲಿ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು, ಕಲ್ಲು ಮಾತ್ರ ಹಾಸಿದಲ್ಲೇ ಉಳಿಯಿತು. ಕಲಬುರ್ಗಿ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಸಂಸಾರಕ್ಕೆ ಕಾಲಡಿಯಲ್ಲಿ ತವರಿನ ಕಲ್ಲೇ ಸಿಗುವುದು ಒಂದು ಸಮಾಧಾನ ಎಂದು ಈ ಲೇಖಕ ಬಂದವರಿಗೆಲ್ಲ ಹೇಳುತ್ತಿರುತ್ತಾನೆ. ಹೆಂಡತಿ ಅದನ್ನು ಕೇಳಿ ಕೇಳಿ ಸಾಕಾಗಿ ಚಹಾ ಮಾಡಲು ಎದ್ದು ಹೋಗುತ್ತಾರೆ.

ವಾರೆ ಎಂದರೆ ಹಾಳಾದ ನೆಲವಲ್ಲ. ಕೊಡ ತಂದು ಸುರಿದು, ಕಸಬರಿಗೆಯಿಂದ ತೊಳೆಯುತ್ತಿದ್ದ ಕಾಲದ ನೆಲ ಅದು. ನೀರು ತಾನಾಗಿ ಅಂಗಳದ ಮೋರಿಗೆ ಹೋಗಲೆಂದು ಗಾರೆಯವರು ಬೇಕೆಂದೇ ವಾಟ ಕೊಟ್ಟಿದ್ದರು. ಕಣ್ಣಿಗೆ ಕಾಣದಷ್ಟು, ಆದರೆ ನೀರಿಗೆ ಗೊತ್ತಾಗುವಷ್ಟು. ಇದು ಕಲಿತ ಕೈಯ ಕೆಲಸ. ಇಂದಿಗೂ ಮೇಸ್ತ್ರಿ ನೆಲ ಹಾಸುವ ಮೊದಲು ಬಿಚ್ಚುವುದು ಉದ್ದನೆಯ ಒಂದು ಪಾರದರ್ಶಕ ಪೈಪು. ಅದಕ್ಕೆ ನೀರು ತುಂಬಿ, ಗುಳ್ಳೆ ಹೋಗುವ ತನಕ ಬೆರಳಿಂದ ತಟ್ಟಿ, ಒಂದು ತುದಿಯನ್ನು ಈ ಗೋಡೆಗೆ, ಇನ್ನೊಂದನ್ನು ಆ ಗೋಡೆಗೆ ಹಿಡಿಸುತ್ತಾನೆ. ನೀರು ತೂಗಾಡಿ ನಿಂತ ಮೇಲೆ ಎರಡೂ ಕಡೆ ಪೆನ್ಸಿಲ್ ಗೆರೆ. ಆ ಗೆರೆಯಿಂದ ಕೆಳಕ್ಕೆ ಅಳೆಯುತ್ತ ಮೋರಿಯ ಕಡೆ ಒಂದೆರಡು ನೂಲು ಇಳಿಸುತ್ತಾನೆ. ಎಲೆನ್ ಕೀ ಹಿಡಿದ ಧೈರ್ಯದಲ್ಲಿ ಯಾರಾದರೂ ಬಚ್ಚಲ ನೆಲಕ್ಕೂ ಕೈ ಹಾಕಿದರೆ ನೀರು ಮೂಲೆಯಲ್ಲಿ ಮಡುಗಟ್ಟಿ, ಕೆಳಗಿನ ಮನೆಯವರ ತಾರಸಿಯಲ್ಲಿ ಕಲೆಯಾಗಿ ಮೂಡುತ್ತದೆ. ನೀರಿಗೆ ವಾಟ ಕೊಡುವ ಕೆಲಸ ಕೂಲಿಗೆ ಎಂಬುದು ಈ ಮನೆಯ ತೀರ್ಮಾನ.

ಈ ಊರಿನ ಅತಿ ದೊಡ್ಡ ರಿಪೇರಿಯನ್ನೂ ಹೊರಗಿನವರನ್ನು ಕರೆಸಿಯೇ ಮಾಡಿಸಿದ್ದು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರಲ್ಲಿ ಹಣಕ್ಕೆ ಕೊರತೆಯಿರಲಿಲ್ಲ, ಆಳುಗಳಿಗೂ ಇರಲಿಲ್ಲ. ಆದರೂ ಅವರು ಕರೆಸಿದ್ದು ಮುಂಬಯಿ ಸರ್ಕಾರದ ಕೆಲಸ ಬಿಟ್ಟಿದ್ದ ಎಂಜಿನಿಯರ್ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಭಾಗದಲ್ಲಿ ನದಿಗೆ ಕಟ್ಟೆ ಕಟ್ಟಿ ನೀರು ತಡೆಯಿರಿ ಎಂಬ ಅವರ ಸಲಹೆಯಿಂದ 1920ರಲ್ಲಿ ಉಸ್ಮಾನ್ ಸಾಗರ್, 1927ರಲ್ಲಿ ಹಿಮಾಯತ್ ಸಾಗರ್ ಆದವು. ಊರಿನ ಒಳಚರಂಡಿಯ ಯೋಜನೆಯೂ ಅವರದೇ. ಕಾಚಿಗುಡಾದ ಅಂಗಳಗಳ ಮೋರಿಗೆ ಮುಂದೆ ದಾರಿ ತೋರಿಸಿದವರು ಮುದ್ದೇನಹಳ್ಳಿಯ ಇದೇ ವಿಶ್ವೇಶ್ವರಯ್ಯನವರು ಎಂದಾಯಿತು. ಇದನ್ನೂ ಈ ಲೇಖಕ ಬಂದವರಿಗೆ ಹೇಳುತ್ತಾನೆ.

ಬೀರುವಿನ ಕಾಲಿಗೆ ತೆಳು ಬೆಣೆ ಕೊಟ್ಟು ಅದನ್ನು ನೆಟ್ಟಗೆ ಮಾಡುವುದಕ್ಕೆ ಯಾರನ್ನೂ ಕರೆಯಬೇಕಾಗಲಿಲ್ಲ. ಉಳಿದದ್ದು ಗೋಡೆಗೆ ಬಿಗಿಯುವುದು. 2016ರಲ್ಲಿ ಅಮೆರಿಕದಲ್ಲಿ ಡ್ರಾಯರ್ ಪೆಟ್ಟಿಗೆಗಳು ಮಕ್ಕಳ ಮೇಲೆ ಉರುಳಿ ಸಾವುಗಳಾದ ಮೇಲೆ ಐಕಿಯಾ ಸುಮಾರು 2.9 ಕೋಟಿ ಪೆಟ್ಟಿಗೆಗಳನ್ನು ಹಿಂದಕ್ಕೆ ಕರೆಯಿತು. ಗೋಡೆಗೆ ಬಿಗಿಯಿರಿ ಎಂದು ಒತ್ತಿ ಹೇಳುವ ಕಂಪನಿ ಗೋಡೆಗೆ ಹೊಡೆಯುವ ಸ್ಕ್ರೂವನ್ನು ಮಾತ್ರ ಡಬ್ಬಿಯಲ್ಲಿ ಇಡುವುದಿಲ್ಲ. ಕೊಳ್ಳುವವರ ಗೋಡೆ ಯಾವುದೆಂದು ಅದಕ್ಕೇನು ಗೊತ್ತು?

ಗೋಡೆಯ ತೂತಿಗೂ ಒಂದು ಚರಿತ್ರೆಯಿದೆ. ಮೊದಲು ಚಾಣ, ಸುತ್ತಿಗೆ. ಮೊಳೆಯ ನಾಲ್ಕು ಪಟ್ಟು ಗುಂಡಿ ತೋಡಿ, ಮರದ ಬೆಣೆ ಬಡಿದು, ಸುತ್ತ ಗಾರೆ ಮೆತ್ತಿ, ಅದು ಒಣಗುವ ತನಕ ಕಾಯುವುದು. 1911ರ ಹೊತ್ತಿಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೋಡೆ ಕೆಡಿಸದೆ ವಿದ್ಯುತ್ ಸಾಮಾನು ಕೂಡಿಸಬೇಕಾಗಿ ಬಂದು, ಜಾನ್ ರಾಲಿಂಗ್ಸ್ ಎಂಬ ಗುತ್ತಿಗೆದಾರರು ಸೆಣಬಿನ ನಾರನ್ನು ಅಂಟಿನಿಂದ ಬಿಗಿದು ಚಿಕ್ಕ ಕೊಳವೆ ಮಾಡಿದರು. ಸ್ಕ್ರೂ ಒಳಹೊಕ್ಕಂತೆ ಕೊಳವೆ ಉಬ್ಬಿ ಗೋಡೆಯನ್ನು ಕಚ್ಚುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂದಿಗೂ ಅದು ರಾಲ್ ಪ್ಲಗ್. ನೈಲಾನಿನದು ಜರ್ಮನಿಯ ಆರ್ಟುರ್ ಫಿಶರ್ ಅವರಿಂದ 1958ರಲ್ಲಿ ಬಂತು. ಪಿಸ್ತೂಲಿನ ಹಿಡಿಯ ಡ್ರಿಲ್ಲಿಗೆ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆದಿತ್ತು. ಈ ಲೇಖಕನ ಮನೆಯ ಡ್ರಿಲ್ ಅದೇ ವಂಶದ್ದು, ರಾಣಿಗಂಜಿನಲ್ಲಿ ಚೌಕಾಸಿ ಮಾಡಿ ತಂದದ್ದು. ಮುಂಭಾಗದ ಇಟ್ಟಿಗೆ ಗೋಡೆಯಲ್ಲಿ ಅದು ಸಲೀಸಾಗಿ ಇಳಿಯುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೆಯಬಾರದು, ವೈರು ಅಲ್ಲೇ ಇಳಿದಿರುತ್ತದೆ ಎಂಬಷ್ಟು ನೆನಪಿಟ್ಟರೆ ಆ ಕಡೆಯ ಕೆಲಸ ಮನೆಯವರದೇ.

ಬೀರು ನಿಂತದ್ದು ಹಿಂಭಾಗದ ಗೋಡೆಗೆ. ಅಲ್ಲಿ ಗಾರೆಯ ಗಿಲಾವು. ಡ್ರಿಲ್ಲಿನ ಗುದ್ದಿಗೆ ಅದು ಪುಡಿಯಾಗಿ ಉದುರುತ್ತದೆ, ಬೆರಳಿಗೆಂದು ಕೊರೆದದ್ದು ಮುಷ್ಟಿಗೆ ಸಾಲುವಂತಾಗುತ್ತದೆ. ಸುಣ್ಣಕಲ್ಲನ್ನು ಸುಟ್ಟು, ನೀರು ಹೊಯ್ದು ಅರಳಿಸಿ, ಮರಳು ಕೂಡಿಸಿ ಅರೆದದ್ದು ಗಾರೆ. ಗಾಳಿಯಿಂದ ಇಂಗಾಲಾಮ್ಲ ಹೀರಿಕೊಂಡು ಅದು ನಿಧಾನವಾಗಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಚಾರ್‌ಮಿನಾರ್ 1591ರಿಂದ ನಿಂತಿರುವುದು ಇದರ ಮೇಲೆಯೇ. 2019ರ ಮೇ ತಿಂಗಳಲ್ಲಿ ಅದರ ಒಂದು ಮಿನಾರಿನಿಂದ ಗಾರೆಯ ಅಲಂಕಾರದ ತುಂಡು ಉದುರಿ ಬಿದ್ದಾಗ ಪುರಾತತ್ವ ಇಲಾಖೆ ಅದನ್ನು ಸಿಮೆಂಟಿನಿಂದ ಮೆತ್ತದೆ ಸುಣ್ಣದ ಗಾರೆಯಿಂದಲೇ ಸರಿಪಡಿಸಲು ಹೊರಟಿತು. ಸಿಮೆಂಟ್ ಗಟ್ಟಿ, ಗಾರೆ ಮೆತ್ತಗೆ. ಎರಡೂ ಒಟ್ಟಿಗೆ ಬಾಳುವುದಿಲ್ಲ, ತೇವ ಒಳಗೇ ಉಳಿದು ಹಳೆಯದು ಸಿಡಿಯುತ್ತದೆ.

ಹಾಗಾಗಿ ಆ ಗೋಡೆಗೆ ಗಾರೆ ಬಲ್ಲವನನ್ನೇ ಕರೆಯಬೇಕು. ವಿಚಿತ್ರವೆಂದರೆ ಇದೇ ಸುಣ್ಣದ ಕೆಲಸಕ್ಕೆ ಹಿಂದೆ ಯಾರನ್ನೂ ಕರೆಯುತ್ತಿರಲಿಲ್ಲ. ದಸರಾ, ದೀಪಾವಳಿ ಹತ್ತಿರ ಬಂದರೆ ಕಲಬುರ್ಗಿ ಕಡೆಯ ಮನೆಗಳಲ್ಲಿ ಹೆಂಗಸರೇ ಹಂಡೆಯಲ್ಲಿ ಸುಣ್ಣ ನೆನೆಹಾಕುತ್ತಿದ್ದರು. ಅದು ಕೊತಕೊತ ಕುದಿಯುವಾಗ ಮಕ್ಕಳು ಹತ್ತಿರ ಸುಳಿಯುವಂತಿಲ್ಲ. ಆರಿದ ಮೇಲೆ ಚಿಟಿಕೆ ನೀಲಿ, ನಾರಿನ ಕುಂಚ, ಒಂದು ಏಣಿ. ಆಮೇಲೆ ಡಬ್ಬಿಯ ಬಣ್ಣ ಬಂತು. ಏಷ್ಯನ್ ಪೇಂಟ್ಸಿನ ಡಬ್ಬಿಯ ಮೇಲೆ ಕುಂಚ ಹಿಡಿದು ನಿಂತಿದ್ದ ತುಂಟ ಹುಡುಗ ಗಟ್ಟು 1954ರಲ್ಲಿ ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರ ಕೈಯಲ್ಲಿ ಹುಟ್ಟಿದವನು. ಚಿತ್ರದಲ್ಲಿ ಹುಡುಗ ತಾನೇ ಬಳಿಯುವವನಂತೆ ಕಂಡರೂ ಮನೆಗಳಲ್ಲಿ ನಡೆದದ್ದು ತಿರುಗುಮುರುಗು: ಪುಟ್ಟಿ, ಪ್ರೈಮರ್, ಎರಡು ಕೋಟು ಎನ್ನುತ್ತ ಕುಂಚ ಮನೆಯವರ ಕೈಬಿಟ್ಟು ಪೇಂಟರ ಕೈ ಸೇರಿತು. ಏಣಿ ಮಾತ್ರ ಇಂದಿಗೂ ಮನೆಯವರೇ ಕೊಡಬೇಕು.

ಕೂಲಿಗೆ ಕೊಡುವುದೋ, ತಾವೇ ಮಾಡುವುದೋ ಎಂಬ ಲೆಕ್ಕ ಈ ಊರಿನಲ್ಲಿ ತಪ್ಪುವುದೇ ಇಲ್ಲಿ. ಕೊಟ್ಟರೆ ಕೆಲಸ ಕೈಬಿಟ್ಟಿತೆಂದು ಯಾರೂ ತಿಳಿಯಬಾರದು. ಬೆಳಿಗ್ಗೆ ಲೇಬರ್ ಅಡ್ಡಾದಿಂದ ಬಂದವನಾಗಲಿ, ಸಾಹಿತ್ಯ ಮಂದಿರದ ಉಪನ್ಯಾಸ ಮುಗಿದು ಚಹಾ ಕುಡಿಯುವಾಗ ಪರಿಚಯದವರು ನಂಬರು ಕೊಟ್ಟವನಾಗಲಿ, ಮೊದಲ ಮಾತು ಒಂದೇ: "ನಂದು ಬರೀ ಲೇಬರ್ರಿ, ಮಟೀರಿಯಲ್ ನಿಮ್ದು." ಅಂದರೆ ಮನೆಯವರು ಟ್ರೂಪ್ ಬಜಾರಿಗೆ ಓಡಬೇಕು, ಅರ್ಧ ಇಂಚೋ ಮುಕ್ಕಾಲೋ ಎಂದು ಅಲ್ಲಿಂದ ಫೋನು ಮಾಡಬೇಕು, ತಪ್ಪಾದದ್ದನ್ನು ಬದಲಿಸಿ ತರಬೇಕು. ಆಫೀಸಿಗೆ ರಜೆ ಹಾಕಿ ಬಾಗಿಲು ಕಾಯಬೇಕು. "ಪರ್ಸೋಂ ಆತೂಂ ಸಾಬ್" ಅಂದವನ ದಾರಿ ನೋಡಬೇಕು. ಕೂಲಿ ಕೊಟ್ಟೂ ಅರ್ಧ ಕೆಲಸ ಮನೆಯವರದೇ ಆಗಿರುತ್ತದೆ. ತಾವೇ ಮಾಡುವಾಗ ಕೊಡಬೇಕಾದ ಹೊತ್ತಿಗಿಂತ ಕೆಲವೊಮ್ಮೆ ಇದೇ ಹೆಚ್ಚು. ನಲ್ಲಿಯ ವಾಷರ್ ಬದಲಿಸಲು ಯಾರನ್ನಾದರೂ ಕರೆಯುವುದು ಅದಕ್ಕೇ ದಂಡ. ಬಚ್ಚಲ ನೆಲಕ್ಕೆ ಕರೆಯುವುದು ದಂಡವಲ್ಲ, ಏಕೆಂದರೆ ಅಲ್ಲಿ ಕೊಡುವುದು ಆ ಪೈಪಿನಲ್ಲಿ ನೀರು ನಿಲ್ಲುವುದನ್ನು ಓದಬಲ್ಲ ಕಣ್ಣಿಗೆ.

ಗಾರೆ ಗೋಡೆಗೆ ಯಾದಗಿರಿ ಕಡೆಯ ಮೇಸ್ತ್ರಿಯೊಬ್ಬ ಬಂದ. ಸ್ಕ್ರೂ ಡ್ರೈವರಿನ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಂಡ. ಟೊಳ್ಳು ಸದ್ದು ಬಂದಲ್ಲಿ ಬಿಟ್ಟ, ಗಿಲಾವಿನ ಹಿಂದೆ ಕಲ್ಲು ಸಿಕ್ಕಲ್ಲಿ ಪೆನ್ಸಿಲಿಂದ ಗುಣಾಕಾರದ ಗುರುತು ಹಾಕಿದ. "ಹ್ಯಾಮರ್ ಬ್ಯಾಡ್ರಿ, ಬರೀ ತಿರುಗಿಸಿದ್ರ ಸಾಕು. ಗಾರಿ ಹಳೇದದ" ಅಂದ. ಆಮೇಲೆ ಚೀಲದಲ್ಲಿ ಕೈಯಾಡಿಸಿ, ಮನೆಯೊಡತಿಯ ಕಡೆ ತಿರುಗಿ ಹಲ್ಲು ಬಿಟ್ಟ.

"ಅಕ್ಕಾರ, ನಮ್ ಮಷೀನ್ ಉಪ್ಪಲ್ ಸೈಟಿನ್ಯಾಗ ಉಳದದ್ರಿ. ನಿಮ್ ಮನ್ಯಾಗ ಅದ ಅಂದ್ರಲ್ಲ?"

ಡ್ರಿಲ್ ಬಂತು, ಬಿಟ್ ಬಂತು, ಎಕ್ಸ್‌ಟೆನ್ಷನ್ ಬೋರ್ಡ್ ಬಂತು. ಪುಡಿ ಬೀಳುವಲ್ಲಿ ಹಳೆಯ ಪೇಪರು ಹಿಡಿಯುವ ಕೆಲಸ ಈ ಲೇಖಕನ ಪಾಲಿಗೆ ಬಂತು. ಎರಡು ತೂತು, ಎರಡು ಪ್ಲಗ್ಗು, ಎರಡು ಸ್ಕ್ರೂ. ಬೀರು ಅಲುಗಾಡದೆ ನಿಂತಿತು. ಮೇಸ್ತ್ರಿ ಕೈ ತೊಳೆದು ಕೂಲಿ ಹೇಳಿದ.

"ಮಷೀನ್ ನಮ್ದು, ಕರೆಂಟ್ ನಮ್ದು, ಪೇಪರ್ ಹಿಡದವ್ರೂ ನಮ್ಮವ್ರೇ. ಬಾಡಿಗಿ ಎಷ್ಟು ಮುರಕೋಬೇಕಪ್ಪ?" ಎಂದು ಹೆಂಡತಿ ಕೇಳಿದರು.

ಮೇಸ್ತ್ರಿ ಕ್ಷಣ ಯೋಚಿಸಿದ. "ಮುರಕೋರಿ ಅಕ್ಕಾರ. ಖರೇ ನಾಳೆ ಒಂದಿನ ಮಷೀನ್ ನನಗ ಕೊಡ್ರಿ, ಮಲಕಪೇಟ್‌ನಾಗ ಇಂಥಾದ್ದೇ ಒಂದು ಬೀರು ಅದ" ಅಂದ.