ಮಹಾದಾನಪುರದ ಡ್ರಿಲ್ ಮೇಷ್ಟರು

ಶಿಕಾರಿಪುರಕ್ಕೆ ಈಗಿನ ಹೆಸರು ಬಂದದ್ದು ಹೈದರ್-ಟಿಪ್ಪು ಅವರ ಕಾಲದಲ್ಲಿ. ಸುತ್ತಲಿನ ಕಾಡಿನಲ್ಲಿ ಬೇಟೆ ಯಥೇಚ್ಛವಾಗಿ ದೊರೆತುದರಿಂದ ಊರು ‘ಶಿಕಾರಿ’ಪುರವಾಯಿತೆಂದು ಹಳೆಯ ಮೈಸೂರು ಗೆಜೆಟಿಯರು ಹೇಳುತ್ತದೆ. ಅದಕ್ಕೆ ಮೊದಲು, ಕೆಳದಿಯ ಅರಸರ ಆಳಿಕೆಯಲ್ಲಿ, ಇದು ಮಹಾದಾನಪುರವೆನಿಸಿಕೊಂಡಿತ್ತು. ಅದಕ್ಕೂ ಹಿಂದೆ ಮಲಿಯನಹಳ್ಳಿ. ಇಂದು ಬೇಟೆಯ ಕಾಡಿನ ಬಹುಭಾಗವನ್ನು ಬತ್ತ, ಮೆಕ್ಕೆಜೋಳ, ಅಡಕೆ, ಶುಂಠಿಗಳು ಆಕ್ರಮಿಸಿವೆ. ದಾನದ ಹೆಸರಂತೂ ಜನರ ಬಾಯಿಂದ ಎಂದೋ ಮರೆಯಾಯಿತು. ಆದರೂ ಆ ಮರೆತ ಹೆಸರಿಗೆ ತಕ್ಕ ಕೆಲಸವನ್ನು ಸದ್ದಿಲ್ಲದೆ ಮಾಡುವವರು ಊರಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದೇ ಇರುತ್ತಾರೆ. ಅಂಥವರಲ್ಲಿ ಒಬ್ಬರು ಈ ಡ್ರಿಲ್ ಮೇಷ್ಟರು.

ನಿವೃತ್ತಿಯಾಗಿ ಹನ್ನೆರಡು ವರ್ಷಗಳಾದರೂ ಊರು ಅವರನ್ನು ಕರೆಯುವುದು ಹಾಗೆಯೇ. ಬೆಳಗಿನ ಐದೂವರೆಗೆ ಎದ್ದು ಹುಚ್ಚರಾಯನ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು, ಹುಚ್ಚರಾಯಸ್ವಾಮಿಯ ಗುಡಿಯ ಮುಂದೆ ಕೈಮುಗಿದು ಬರುವುದು ಅವರ ದಿನಚರಿಯ ಮೊದಲ ಅಂಕ. ಈ ಆಂಜನೇಯನ ಮೂಗಿನ ತುದಿಯಲ್ಲಿ ಸಾಲಿಗ್ರಾಮವಿದೆಯೆಂಬುದು ಭಕ್ತರ ಅಭಿಮಾನದ ಮಾತು. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರನ್ನು ಒಂದೇ ದಿನದಲ್ಲಿ ಕಂಡರೆ ಪುಣ್ಯವೆಂಬ ನಂಬಿಕೆಯುಂಟು. ಮೇಷ್ಟರು ಪ್ರತಿದಿನವೂ ಒಬ್ಬನನ್ನೇ ಕಂಡು ತೃಪ್ತರು.

ಆಮೇಲೆ ಚೀಲ ಹಿಡಿದು ಹೊರಟರೆಂದರೆ ಕೆಲಸಗಳಿಗೆ ಕೊನೆಯಿಲ್ಲ. ಹಾಲು, ಪತ್ರಿಕೆ, ತರಕಾರಿ, ವಿದ್ಯುತ್ತಿನ ಬಿಲ್ಲು, ಬ್ಯಾಂಕಿನಲ್ಲಿ ಪಾಸ್‌ಪುಸ್ತಕಕ್ಕೆ ಅಚ್ಚು ಹಾಕಿಸುವುದು, ಪಕ್ಕದ ಮನೆಯ ವೃದ್ಧೆಯ ಅಂಚೆ ಉಳಿತಾಯದ ಹಣ ತಂದುಕೊಡುವುದು. ನವೆಂಬರ್ ಬಂದಿತೆಂದರೆ ತಾವಿನ್ನೂ ಬದುಕಿದ್ದೇವೆಂದು ಸರಕಾರಕ್ಕೆ ಪ್ರಮಾಣಪತ್ರ ಕೊಡುವ ಕೆಲಸ ಬೇರೆ. “ಮೂವತ್ತೈದು ವರ್ಷ ಮಕ್ಕಳ ಹಾಜರಿ ಕೂಗಿದೆ. ಈಗ ವರ್ಷಕ್ಕೊಮ್ಮೆ ನನ್ನ ಹಾಜರಿ ಕೊಡುತ್ತೇನೆ” ಎಂದು ಅವರು ನಗುತ್ತಾರೆ.

ಅಟ್ಟದ ಮೇಲಿನ ಗಂಟು

ದಸರೆಯ ರಜೆಗೆ ಬೆಂಗಳೂರಿನಿಂದ ಮಗ, ಸೊಸೆ, ಮೊಮ್ಮಕ್ಕಳು ಬರುವುದು ಈ ಮನೆಯ ವಾಡಿಕೆ. ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚಿನ ಬಸ್ಸಿನ ದಾರಿ. ಈ ಸಲ ಅವರೊಡನೆ ಒಂದು ದೊಡ್ಡ ಚೀಲವೂ ಬಂದಿಳಿಯಿತು. ಹದಿಮೂರು ವರ್ಷದ ಮೊಮ್ಮಗನಿಗೆ ಚಿಕ್ಕದಾದ ಎರಡು ಕ್ರಿಕೆಟ್ ಬ್ಯಾಟು, ಕಾಲಿನ ಪ್ಯಾಡು, ಕೈಗವಸು, ಶಿರಸ್ತ್ರಾಣ. ಮೊಮ್ಮಗಳ ನಾಲ್ಕು ಬ್ಯಾಡ್ಮಿಂಟನ್ ರಾಕೆಟು. ಗಾಳಿ ಇಳಿದ ಒಂದು ಕಾಲ್ಚೆಂಡು. ನಗರದ ಮನೆಯಲ್ಲಿ ಇಡಲು ಜಾಗವಿಲ್ಲ. “ಮಾವ, ನಿಮಗೆ ಗೊತ್ತಿರುವ ಯಾವುದಾದರೂ ಶಾಲೆಗೆ ಕೊಟ್ಟುಬಿಡಿ” ಎಂದಳು ಸೊಸೆ.

ಮೇಷ್ಟರು ಚೀಲವನ್ನು ಜಗಲಿಯ ಮೇಲೆ ಸುರಿದು ಒಂದೊಂದನ್ನೇ ಪರೀಕ್ಷಿಸಿದರು. ಪೆಟ್ಟು ತಿಂದು ಸಣ್ಣ ಬಿರುಕು ಬಿಟ್ಟಿದ್ದ ಶಿರಸ್ತ್ರಾಣವನ್ನು ಬದಿಗಿಟ್ಟರು. “ಹೊರಗೆ ಕಾಣುವುದು ಕೂದಲೆಳೆಯ ಬಿರುಕು. ಆದರೆ ಇದನ್ನು ನಂಬಿ ಒಂದು ಮಗು ತಲೆಯೊಡ್ಡುತ್ತದೆ. ನಮ್ಮ ಮಗುವಿಗೆ ಹಾಕದಿರುವುದನ್ನು ಇನ್ನೊಬ್ಬರ ಮಗುವಿಗೆ ಕೊಡಬಾರದು” ಎಂದರು. ಪ್ಯಾಡು, ಕೈಗವಸುಗಳು ಸೋಪಿನ ನೀರು ಕಂಡು ಎರಡು ದಿನ ಬಿಸಿಲಿನಲ್ಲಿ ಒಣಗಿದವು. ಸಡಿಲವಾದ ರಾಕೆಟ್ಟಿನ ತಂತಿಗಳನ್ನು ಬಿಗಿಯಲು ಶಿವಮೊಗ್ಗಕ್ಕೆ ಕಳುಹಿಸಿಕೊಟ್ಟರು. ಕಾಲ್ಚೆಂಡಿನ ಹೊಲಿಗೆ ಬಿಟ್ಟಿದ್ದ ಕಡೆ ಪೇಟೆಯ ಚಪ್ಪಲಿ ಹೊಲಿಯುವವನು ನಾಲ್ಕು ಹೊಲಿಗೆ ಹಾಕಿದ. ಶಾಲೆಯ ಮಕ್ಕಳಿಗೆಂದು ತಿಳಿದು ಕಾಸು ತೆಗೆದುಕೊಳ್ಳಲಿಲ್ಲ.

ಆಗ ಮೊಮ್ಮಗ ಅಟ್ಟವೇರಿ ಇನ್ನೊಂದು ಗಂಟನ್ನು ಕೆಳಗಿಳಿಸಿದ. ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಆರನೆಯ ಅಳತೆಯ ಒಂದು ಬ್ಯಾಟು ಅದರಲ್ಲಿತ್ತು.

“ಅಜ್ಜ, ಇದು ಅಪ್ಪನದಾ? ಇದನ್ನೂ ಕೊಡೋಣವಾ?”

ಮೇಷ್ಟರು ಕೂಡಲೇ ಉತ್ತರ ಕೊಡಲಿಲ್ಲ. ಹಬ್ಬದ ಮುಂಗಡ ತೆಗೆದು, ಹೆಂಡತಿಗೆ ಸೀರೆಯಿಲ್ಲವೆಂದು ಹೇಳಿ, ಶಿವಮೊಗ್ಗದಿಂದ ಮಗನಿಗೆ ತಂದ ಬ್ಯಾಟದು. ನೆರೆಯ ಭದ್ರಾವತಿಯ ಜಿ.ಆರ್. ವಿಶ್ವನಾಥರು 1969ರಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಓಟ ಹೊಡೆದ ಕತೆಯನ್ನು ಈ ಬ್ಯಾಟು ಕೈಗಿಟ್ಟೇ ಮಗನಿಗೆ ಹೇಳಿದ್ದರು. ಮಗ ಓದಿ, ಕೆಲಸಕ್ಕೆ ಸೇರಿ, ಊರು ಬಿಟ್ಟ ಮೇಲೂ ಪ್ರತಿ ಬೇಸಗೆಯಲ್ಲಿ ಅದಕ್ಕೆ ಅಗಸೆ ಎಣ್ಣೆ ಸವರಿಡುತ್ತಿದ್ದರು.

“ನನಗೇಕಪ್ಪ ಅದು? ಕೊಟ್ಟುಬಿಡಿ” ಎಂದ ಮಗ. ಕೊಡಲು ಮನಸ್ಸಿಲ್ಲದವರು ಮೇಷ್ಟರೇ. “ನೋಡೋಣ” ಎಂದು ಬ್ಯಾಟನ್ನು ಮತ್ತೆ ಪಂಚೆಯಲ್ಲಿ ಸುತ್ತಿದರು.

ಕಲ್ಲಿನಲ್ಲಿ ಕೊರೆದ ದತ್ತಿಗಳು

ಮರುದಿನ ಮನೆಮಂದಿಯೆಲ್ಲ ಬಾಡಿಗೆಯ ಕಾರಿನಲ್ಲಿ ಹೊರಟರು. ಸಾಮಾನಿನ ಚೀಲವೂ ಜೊತೆಯಲ್ಲಿತ್ತು. ಮೇಷ್ಟರು ಮೊದಲು ಕೆಲಸಕ್ಕೆ ಸೇರಿದ ಶಾಲೆ ಸೊರಬ ತಾಲ್ಲೂಕಿನದು. ಅಲ್ಲಿ ಈಗ ಅವರ ಶಿಷ್ಯನೇ ಉಪಾಧ್ಯಾಯ. ಸರಕಾರಿ ಶಾಲೆಗೆ ರಜೆ ಮೊದಲಾಗಲು ಇನ್ನೂ ಎರಡು ದಿನ ಉಳಿದಿತ್ತು.

ಶಿರಾಳಕೊಪ್ಪದಿಂದ ಅನತಿದೂರದಲ್ಲಿ ಬಳ್ಳಿಗಾವಿ. ಇಂದು ಸಾಮಾನ್ಯ ಹಳ್ಳಿಯಂತೆ ಕಾಣುವ ಈ ಊರು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ನಾಡಿನ ರಾಜಧಾನಿಯಾಗಿ ಮೆರೆದುದು. 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇನ್ನೂ ತಲೆಯೆತ್ತಿ ನಿಂತಿದೆ. ಅಲ್ಲಮಪ್ರಭು ಹುಟ್ಟಿದ್ದು ಇಲ್ಲಿಯೇ ಎಂದು ಪರಂಪರೆ ಹೇಳುತ್ತದೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ತ್ರಿಪುರಾಂತಕೇಶ್ವರನ ಗುಡಿಯ ಕೆತ್ತನೆಗಳನ್ನು ಕಂಡು, ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯದ ತಂಪು ಮಂಟಪದಲ್ಲಿ ಎಲ್ಲರೂ ಕುಳಿತರು.

ಈ ಕೇದಾರೇಶ್ವರಕ್ಕೆ ಸೇರಿದ್ದೇ ಹೆಸರಾಂತ ಕೋಡಿಯ ಮಠ. 1162ರ ಶಾಸನವೊಂದು ಆ ಮಠದ ವರ್ಣನೆಯನ್ನು ವಿಸ್ತಾರವಾಗಿ ಮಾಡುತ್ತದೆ. ನಾಲ್ಕು ವೇದಗಳೂ ವ್ಯಾಕರಣವೂ ದರ್ಶನಗಳೂ ಅಲ್ಲಿ ಪಾಠವಾಗುತ್ತಿದ್ದುವು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧವಿತ್ತು. ವಿಶೇಷವೆಂದರೆ ಕತೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರಿಗೂ ಅಲ್ಲಿ ಊಟ ಬಡಿಸುತ್ತಿದ್ದರು. ಹೊಟ್ಟೆಗೆ ಹಿಟ್ಟು ಕೊಡುವುದರೊಂದಿಗೆ ಮನಸ್ಸಿನ ಉಲ್ಲಾಸವನ್ನೂ ಸಲಹಬೇಕೆಂದು ಎಂಟುನೂರು ವರ್ಷಗಳಿಗೂ ಹಿಂದಿನ ಆ ಜನ ಅರಿತಿದ್ದರು.

“ಹಾಗಾದರೆ ಆಡುವವರಿಗೂ ಊಟವಿತ್ತಾ ಅಜ್ಜ?” ಎಂದಳು ಮೊಮ್ಮಗಳು. “ನಿನ್ನಂತೆ ಆಡುವವರಿಗೆ ಎರಡು ಸಲ ಇದ್ದೀತು” ಎಂದರು ಅಜ್ಜಿ.

ಬಳ್ಳಿಗಾವಿಯ ನೆರೆಯಲ್ಲೇ ತಾಳಗುಂದ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನವಿದೆ. ಓದಲೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನು ಪಲ್ಲವರ ಸವಾರನೊಡನೆ ಜಗಳವಾಗಿ ಅವಮಾನಿತನಾದುದು, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದುದು, ಕದಂಬ ವಂಶವನ್ನು ಕಟ್ಟಿದುದು ಎಲ್ಲ ತಿಳಿದದ್ದು ಈ ಕಂಬದಿಂದ. ಪುರಾತತ್ತ್ವ ಇಲಾಖೆಯವರು 2013ರಲ್ಲಿ ನಡೆಸಿದ ಉತ್ಖನನದ ಬಳಿಕ ಇಲ್ಲಿಯ ಸಿಂಹಕಟಾಂಜನದ ಶಾಸನವೂ ವಿದ್ವಾಂಸರ ಚರ್ಚೆಗೆ ಬಂದಿದೆ.

ತಾಲ್ಲೂಕಿನ ಇನ್ನೊಂದು ದಿಕ್ಕಿನಲ್ಲಿರುವ ಈಸೂರನ್ನು ಮಕ್ಕಳಿಗೆ ಹಿಂದಿನ ವರ್ಷವೇ ತೋರಿಸಿಯಾಗಿತ್ತು. 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡ ಆ ಹಳ್ಳಿಯ ಐವರು 1943ರ ಮಾರ್ಚಿಯಲ್ಲಿ ಗಲ್ಲಿಗೇರಿದರು. ಕೊಟ್ಟವರ ಲೆಕ್ಕದಲ್ಲಿ ಅವರಿಗಿಂತ ದೊಡ್ಡವರಿಲ್ಲವೆಂದು ಮೇಷ್ಟರು ದಾರಿಯಲ್ಲಿ ನೆನಪಿಸಿದರು.

ಸುರಭಿಯ ಊರು

ಶಿರಾಳಕೊಪ್ಪ ದಾಟಿ ಸೊರಬದ ಕಡೆ ತಿರುಗಿದರೆ ನೆಲದ ಬಣ್ಣವೇ ಬೇರೆ. ಗದ್ದೆಯ ಬಯಲು, ಕೆರೆ, ಅಡಕೆಯ ತೋಟ, ನಡುನಡುವೆ ಗಾಢ ಹಸುರಿನ ಕಾನು. ಈ ಕಾನುಗಳ ಮಹತ್ತ್ವವನ್ನು ಕಂಡು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ಸೊರಬದ ಕಾನುಗಳ ಬಗೆಗೆ ವರದಿ ಬರೆದಿದ್ದರು. ಇವು ನೀರಿನ ಸೆಲೆಗಳನ್ನು ಕಾಯುತ್ತವೆ. ಮೆಣಸಿನ ಬಳ್ಳಿಗೆ ಆಸರೆ ಕೊಡುತ್ತವೆ. ದಂಡಾವತಿಯ ದಡದ ಸೊರಬಕ್ಕೆ ಸುರಭಿ ಎಂಬ ಹಸುವಿನಿಂದ ಹೆಸರು ಬಂದಿತೆಂದು ಐತಿಹ್ಯ. ಗಂಧದ ಮರದಲ್ಲಿ ದೇವರನ್ನೂ ಬಳ್ಳಿಯನ್ನೂ ಬಿಡಿಸುವ ಗುಡಿಗಾರರ ಕೈಚಳಕಕ್ಕೆ ಸೊರಬ, ಸಾಗರಗಳು ಎಂದಿನಿಂದಲೂ ಹೆಸರುವಾಸಿ.

ಪೇಟೆಯಲ್ಲಿ ಕಾರು ನಿಲ್ಲಿಸಿದಾಗ ಮೇಷ್ಟರು ಸೀಟಿನ ಕೆಳಗಿನಿಂದ ಪಂಚೆಯ ಗಂಟನ್ನು ಹೊರತೆಗೆದರು. ಹೊರಡುವ ಮುನ್ನ ಅದನ್ನು ಯಾವಾಗ ತಂದಿಟ್ಟರೋ ಯಾರೂ ನೋಡಿರಲಿಲ್ಲ. ಬಿಸಿಲಿನಲ್ಲಿ ತಿರುಗಿಸಿ ನೋಡಿದ ಮೊಮ್ಮಗ ಬೆರಳಿಟ್ಟು ತೋರಿಸಿದ: ಬ್ಯಾಟಿನ ತುದಿಯಿಂದ ಮೇಲಕ್ಕೆ ಒಂದು ಗೇಣು ಉದ್ದದ ಸೀಳು.

ವರ್ಷಕ್ಕೊಮ್ಮೆ ಎಣ್ಣೆ ಸವರಿದ್ದು ಸಾಲದೆ ಹೋಗಿತ್ತು. ಮಲೆನಾಡಿನ ಮಳೆಗಾಲಗಳು ಅಟ್ಟದ ಮೇಲೂ ತಮ್ಮ ತೇವವನ್ನು ಕಳುಹಿಸಿದ್ದುವು. ಹೆಂಚಿನಡಿಯ ಬೇಸಗೆ ಅದನ್ನು ಒಣಗಿಸಿ ಸೀಳಿತ್ತು. ಮೇಷ್ಟರ ಮುಖ ಸಣ್ಣದಾಯಿತು. “ಹತ್ತು ವರ್ಷ ಮೊದಲು ಕೊಟ್ಟಿದ್ದರೆ ಹತ್ತು ಹುಡುಗರು ಇದರಲ್ಲಿ ಆಡಿರುತ್ತಿದ್ದರು” ಎಂದರು. ಯಾರೂ ಮಾತಾಡಲಿಲ್ಲ.

ಪರಿಚಯದ ಬಡಗಿಯೊಬ್ಬ ಸೀಳಿಗೆ ಅಂಟು ತುಂಬಿ, ಬಿಗಿದು ಕಟ್ಟಿ, ತುದಿಯ ಮೇಲೆ ಹುರಿ ಸುತ್ತಿಕೊಟ್ಟ. “ಚರ್ಮದ ಚೆಂಡಿಗೆ ತಡೆಯದು ಮೇಷ್ಟ್ರೇ. ರಬ್ಬರಿನ ಚೆಂಡಿಗೆ ಅಡ್ಡಿಯಿಲ್ಲ” ಎಂದ.

ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಮುಗಿದಿತ್ತು. ಮುಖ್ಯೋಪಾಧ್ಯಾಯರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರನ್ನೂ ಕರೆಸಿದರು. ಭಾಷಣ, ಹಾರಗಳು ಬೇಡವೆಂದು ಮೇಷ್ಟರು ಮೊದಲೇ ತಿಳಿಸಿದ್ದರು. ಒಂದೊಂದು ಸಾಮಾನೂ ದಾಸ್ತಾನು ಪುಸ್ತಕದಲ್ಲಿ ದಾಖಲಾಗಲೇಬೇಕೆಂಬುದು ಮಾತ್ರ ಅವರ ಹಟ. ಪುಸ್ತಕಕ್ಕೇರದ ಸಾಮಾನು ಬೀರುವಿನಲ್ಲಿ ಬೀಗ ಹಾಕಿಸಿಕೊಳ್ಳುತ್ತದೆ, ಇಲ್ಲವೇ ಕಾಲು ಮೂಡಿಸಿಕೊಳ್ಳುತ್ತದೆ ಎಂಬುದು ಅವರ ಸೇವೆಯ ಅನುಭವ. ಬ್ಯಾಟು ಮೂರು, ಪ್ಯಾಡು ಒಂದು ಜೊತೆ, ಕೈಗವಸು ಒಂದು ಜೊತೆ, ರಾಕೆಟು ನಾಲ್ಕು, ಕಾಲ್ಚೆಂಡು ಒಂದು. ಮೂರನೆಯ ಬ್ಯಾಟಿನ ಎದುರು ‘ರಬ್ಬರ್ ಚೆಂಡಿಗೆ ಮಾತ್ರ’ ಎಂದು ಬರೆಸಿದರು.

ಮೈದಾನದಲ್ಲಿ ಆಟ ಆಗಲೇ ಮೊದಲಾಗಿತ್ತು. ನಗರದ ಹುಡುಗ ಹಳ್ಳಿಯ ಮಕ್ಕಳಿಗೆ ಬ್ಯಾಟು ಹಿಡಿಯುವ ಕ್ರಮ ತೋರಿಸಹೋಗಿ, ಎರಡು ಜಡೆಯ ಹುಡುಗಿಯೊಬ್ಬಳ ಚೆಂಡಿಗೆ ಮೊದಲ ಎಸೆತದಲ್ಲೇ ಔಟಾದ. ಅವಳು ಆರಿಸಿಕೊಂಡದ್ದು ಹುರಿ ಸುತ್ತಿದ ಬ್ಯಾಟನ್ನೇ. ಅದರ ತೂಕ ಕೈಗೆ ಹೊಂದುತ್ತದೆಯಂತೆ. ಮೇಷ್ಟರು ಬೇಲಿಯ ಪಕ್ಕ ನಿಂತು ಬಹಳ ಹೊತ್ತು ನೋಡಿದರು. ಅಜ್ಜಿ ಎರಡು ಸಲ ಕರೆದ ಮೇಲೆ ಕಾರನ್ನೇರಿದರು.

ಸಂಜೆಯ ಹೊತ್ತಿಗೆ ಗುಡವಿ. ಸೊರಬದಿಂದ ಹದಿನೈದು ಹದಿನಾರು ಕಿಲೋಮೀಟರು ದೂರದ ಈ ಪಕ್ಷಿಧಾಮದಲ್ಲಿ ಮಳೆಗಾಲ ಬಂದೊಡನೆ ಕೆರೆಯ ನಡುವಣ ಮರಗಳು ಹಕ್ಕಿಗಳ ಸಂಸಾರದಿಂದ ತುಂಬುತ್ತವೆ. ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿಗಳು ಕೊಂಬೆಕೊಂಬೆಗೂ ಗೂಡು ಹೂಡುತ್ತವೆ. ಮರಿಗಳು ಬಲಿತು ಹಾರಿದ ಮೇಲೆ ಗೂಡುಗಳು ಖಾಲಿ. ಮಕ್ಕಳು ಹಕ್ಕಿಗಳನ್ನು ಎಣಿಸಿ ಸೋತರು. ಚಂದ್ರಗುತ್ತಿಯ ಬೆಟ್ಟವೂ ಕುಬಟೂರಿನ ಕೈಟಭೇಶ್ವರನೂ ಮುಂದಿನ ರಜೆಗೆ ಉಳಿದುವು.

ಚೀಲದ ಹೊಸ ಕೆಲಸ

ಮಕ್ಕಳು ಬೆಂಗಳೂರಿಗೆ ಮರಳಿದರು. ಮೇಷ್ಟರ ದಿನಚರಿ ಮತ್ತೆ ಮೊದಲಿನಂತಾಯಿತು, ಒಂದನ್ನುಳಿದು. ಈಗ ಅವರ ಚೀಲದಲ್ಲಿ ಪಾಸ್‌ಪುಸ್ತಕದೊಂದಿಗೆ ಒಂದು ಚಿಕ್ಕ ನೋಟುಪುಸ್ತಕವೂ ಇರುತ್ತದೆ. ಹಾಲಿನ ಅಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಅಂಚೆಕಚೇರಿಯ ಮೆಟ್ಟಿಲಿನ ಮೇಲೆ ಪರಿಚಿತರು ಸಿಕ್ಕರೆ ಕ್ಷೇಮಸಮಾಚಾರದ ನಂತರ ಅವರು ಕೇಳುವುದು ಒಂದೇ ಪ್ರಶ್ನೆ: “ನಿಮ್ಮ ಅಟ್ಟದ ಮೇಲೆ ಏನಿದೆ?” ಒಬ್ಬರ ಮನೆಯಲ್ಲಿ ವಾಲಿಬಾಲ್ ಬಲೆ, ಇನ್ನೊಬ್ಬರಲ್ಲಿ ಕೇರಂ ಹಲಗೆ, ಮತ್ತೊಬ್ಬರಲ್ಲಿ ಹಗ್ಗ, ಗುಂಡು. ಮಕ್ಕಳು ದೂರದ ಊರುಗಳಲ್ಲಿ ನೆಲೆಸಿರುವ ಮನೆಗಳೇ ಹೆಚ್ಚು. ಕೆಲವರು ಒಡನೆ ಇಳಿಸಿಕೊಡುತ್ತಾರೆ. ಕೆಲವರು “ನೋಡೋಣ” ಎನ್ನುತ್ತಾರೆ. ಆ “ನೋಡೋಣ”ದ ಅರ್ಥ ಮೇಷ್ಟರಿಗೆ ಚೆನ್ನಾಗಿ ಗೊತ್ತು. ಒತ್ತಾಯ ಮಾಡುವುದಿಲ್ಲ, ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಕೇಳುತ್ತಾರೆ, ಅಷ್ಟೆ.

ಹದಿನೈದು ದಿನಗಳ ತರುವಾಯ ಸೊರಬದ ಶಿಷ್ಯನಿಂದ ದೂರವಾಣಿ ಬಂದಿತು. ರಜೆ ಕಳೆದು ಶಾಲೆ ತೆರೆದಿದೆ. ಹಳೆಯ ಬ್ಯಾಟಿನ ಹುರಿ ಸವೆದುಹೋಗಿದೆ, ಇನ್ನೊಮ್ಮೆ ಸುತ್ತಿಸಬೇಕಂತೆ. ಹೇಳುವಾಗ ಅವನ ದನಿಯಲ್ಲಿ ಸಂಕೋಚವಿತ್ತು.

“ಅಷ್ಟು ಬೇಗ ಸವೆಯಿತೇ?” ಎಂದು ಕೇಳಿದ ಮೇಷ್ಟರು, ಹುರಿಯ ಉಂಡೆಯೊಂದನ್ನು ಕೊಳ್ಳಲು ಅಂದೇ ಸಂತೋಷದಿಂದ ಪೇಟೆಗೆ ಹೊರಟರು.