ಮಾಳಿಗೆಯ ಮನೆ

ದಾವಣಗೆರೆಯ ಹಳೆಯ ಪೇಟೆಯಲ್ಲಿರುವ ನಮ್ಮ ಪಿತ್ರಾರ್ಜಿತ ಗೃಹವನ್ನು ಕೆಡವುವುದಕ್ಕೆ ನನ್ನ ರುಜು ಬೇಕೆಂದು ತಮ್ಮನ ಮಗನು ಕಳೆದ ವೈಶಾಖದಲ್ಲಿ ಹರಿಹರಕ್ಕೆ ಬಂದನು. ಕೂಡದೆಂದು ನಾನು ಹೇಳುವಷ್ಟರಲ್ಲಿಯೇ, "ದೊಡ್ಡಪ್ಪ, ಮಳೆಗಾಲದಲ್ಲಿ ಒಂದು ರಾತ್ರಿ ನೀವೇ ಅಲ್ಲಿ ಮಲಗಿ ನೋಡಿ" ಎಂದನು. ನಾನು ನಿರುತ್ತರನಾದೆನು. ಮನೆಯ ಸೊಬಗನ್ನು ದೂರದಿಂದ ಹೊಗಳುವವನು ನಾನು. ಸೋರುವ ಸೂರಿನಡಿಯಲ್ಲಿ ಮಕ್ಕಳೊಡನೆ ಇರುವವನು ಅವನು.

ಹೈದರಾಲಿಯು ದಾವಣಗೆರೆಯನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟಮೇಲೆ ಆತನು ವರ್ತಕರಿಗೆ ಆಶ್ರಯವಿತ್ತುದರಿಂದ ಆ ಚಿಕ್ಕ ಗ್ರಾಮವು ಪೇಟೆಯಾಗಿ ಬೆಳೆಯಿತಷ್ಟೆ. ಅಲ್ಲಿಯ ಹಳೆಯ ಮಾಳಿಗೆಯ ಮನೆಗಳಲ್ಲಿ ಭಾರದ ಬಹುಪಾಲನ್ನು ಹೊರುವುವು ಮರದ ಕಂಬ, ಬೋದಿಗೆ, ತೊಲೆಗಳು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಕರಲು ಮಣ್ಣು. ಈ ಮಣ್ಣನ್ನು ಮುಂಗಾರಿಗೆ ಮೊದಲು ಹೊಸದಾಗಿ ಹಾಕಿ ಬಡಿಯಬೇಕು. ನಮ್ಮ ತಂದೆಯವರು ಈ ಕೆಲಸವನ್ನು ಒಂದು ವರ್ಷವೂ ತಪ್ಪಿಸಿದವರಲ್ಲ.

ತಪ್ಪಿಸಿದವನು ನಾನು. ವರ್ಷವರ್ಷದ ಈ ತೊಂದರೆ ಸಾಕೆಂದು 1998ರಲ್ಲಿ ಮಾಳಿಗೆಗೆ ಸಿಮೆಂಟು ಹಾಕಿಸಿದೆನು. ಅದು ಬಿಸಿಲಿಗೆ ಬಿರುಕುಬಿಟ್ಟಿತು. ಬಿರುಕಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಮಣ್ಣಿನಲ್ಲಿಯೇ ನಿಂತಿತು. ಹುಡುಗನು ಮನೆಯನ್ನು ದೂರುತ್ತಿದ್ದನು. ದೂರು ನನಗೆ ಸಲ್ಲತಕ್ಕುದಾಗಿದ್ದಿತು. ಇದನ್ನು ಅವನಿಗೆ ಹೇಳಿಬಿಟ್ಟೆನು.

ಇಬ್ಬರೂ ಹೋಗಿ ವೃದ್ಧನಾದ ಬಡಗಿಯೊಬ್ಬನನ್ನು ಕರೆತಂದೆವು. ಅವನು ಉಳಿಯ ಮೊನೆಯಿಂದ ಒಂದೊಂದನ್ನೂ ಚುಚ್ಚಿ ನೋಡಿ, ಕಂಬಗಳೆಲ್ಲ ಗಟ್ಟಿ, ಗೋಡೆಯೊಳಗೆ ಸೇರಿದ ಐದು ಜಂತಿಗಳ ತುದಿ ಮಾತ್ರ ಕೊಳೆತಿದೆಯೆಂದನು.

ಹರಿಹರದಲ್ಲಿ ಪೊಲಾಳ್ವ ದಂಡನಾಯಕನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು ಸರ್ಕಾರದ ಪುರಾತತ್ತ್ವ ಇಲಾಖೆಯು ಕಾಯುತ್ತಿದೆ. ಅಹಮದಾಬಾದಿನ ಹಳೆಯ ನಗರವು ಅಲ್ಲಿಯ ಮರಗೆಲಸದ ಮನೆಗಳ ಸಹಿತ 2017ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಮ್ಮಂಥವರ ಮನೆಗಳಿಗಾದರೋ ಮನೆಯವರೇ ಕಾವಲು. ಆದರೆ ವಾಸಿಸುವವರ ಕಷ್ಟವನ್ನು ಎಣಿಸದೆ ಮನೆಯನ್ನು ಉಳಿಸೆಂಬುದು ನ್ಯಾಯವಲ್ಲ.

ಕಡೆಗೆ ಹೀಗೆ ಒಪ್ಪಂದವಾಯಿತು: ಹಿಂದಿನ ಭಾಗವನ್ನು ಕೆಡವಿ ಅವನ ಅನುಕೂಲದಂತೆ ಕಟ್ಟುವುದು, ಮುಂದಿನ ಮೂರು ಅಂಕಣದ ಪಡಸಾಲೆಯನ್ನು ನನ್ನ ಖರ್ಚಿನಲ್ಲಿ ದುರಸ್ತಿಮಾಡುವುದು. ಸಿಮೆಂಟನ್ನು ಕಿತ್ತು ತೆಗೆದೆವು.

ಗೃಹದಲ್ಲಿ ನಿಲ್ಲುವವನೇ ಗೃಹಸ್ಥನೆಂದು ಮೂವತ್ತು ವರ್ಷ ಮಕ್ಕಳಿಗೆ ವ್ಯುತ್ಪತ್ತಿಯನ್ನು ಹೇಳಿಕೊಟ್ಟೆನು. ಗೃಹವನ್ನು ನಿಲ್ಲಿಸುವ ಹೊಣೆಯೂ ಅವನದೇ ಎಂಬುದನ್ನು ಈಗ ಕಲಿತೆನು. ಈ ಮುಂಗಾರಿಗೆ ಮೊದಲು ಮಣ್ಣು ಬಡಿಯುವಾಗ ನಾನೂ ಮಾಳಿಗೆಯ ಮೇಲಿದ್ದೆನು.